ಬಾತುಮರಿಗಳು ಹೇಳಿದ ಪಾಠ

ಹೇಂಟೆಯ ಅಡಿಗೆ ಬಾತುಕೋಳಿಯ ಮೊಟ್ಟೆ ಇಟ್ಟು ಕಾವಿಗೆ ಕೂರಿಸುವುದು ನಮ್ಮ ಕರಾವಳಿಯ ಹಳ್ಳಿಗಳಿಗೆ ಹೊಸದೇನಲ್ಲ. ಸಾಕಿದ ಬಾತಿಗೆ ಕಾವು ಕೂರುವ ತಾಳ್ಮೆ ಕಡಿಮೆ. ಕೋಳಿಮೊಟ್ಟೆ 21 ದಿನಕ್ಕೆ ಮರಿಯಾದರೆ ಬಾತಿನ ಮೊಟ್ಟೆಗೆ 28 ದಿನ ಬೇಕು. ಪಾಪದ ಹೇಂಟೆ ಇನ್ನೂ ಒಂದು ವಾರ ಕೂತೇ ಇರುತ್ತದೆ. ಆಮೇಲೆ ಮರಿಗಳು ತೋಡಿನ ನೀರಿಗೆ ಇಳಿದಾಗ ದಡದಲ್ಲಿ ನಿಂತು ಅದು ಪಡುವ ಗಾಬರಿಯನ್ನು ನೋಡಬೇಕು!

ಹಲವು ವರ್ಷಗಳ ಹಿಂದಿನ ಮಾತು. ಆಟಿ ತಿಂಗಳ ಜಡಿಮಳೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸರ್, ಎಂಟು ಬಾತುಮರಿ ಆಗಿದೆ. ತಿನ್ಲಿಕ್ಕೆ ಏನು ಹಾಕ್ಬೇಕು?” ಎಂದು ಕೇಳಿದಳು. ಪೌಷ್ಟಿಕಾಂಶಗಳ ಪಾಠವನ್ನು ಆಗಷ್ಟೇ ಮುಗಿಸಿದ್ದ ನಾನು ಉತ್ಸಾಹದಿಂದಲೇ ಹೇಳಿದೆ: “ಬರೀ ನುಚ್ಚು ಸಾಲದು, ಪ್ರೋಟೀನ್ ಬೇಕು. ದನಕ್ಕೆ ತಂದ ನೆಲಗಡಲೆ ಹಿಂಡಿ ಇದ್ದರೆ ನೆನೆಸಿ ಹಾಕು.”

ಹತ್ತು ದಿನವಾಗಿರಲಿಲ್ಲ. ಹುಡುಗಿ ಮತ್ತೆ ಬಂದಳು. ಆರು ಮರಿಗಳು ಸತ್ತಿದ್ದವು. ಮೇವು ಬಿಟ್ಟು, ಕುಂಟುತ್ತಾ, ಕೊನೆಗೆ ತಲೆಯನ್ನು ಹಿಂದಕ್ಕೆ ಸೆಟೆಸಿ ಒಂದೊಂದಾಗಿ ಸತ್ತವಂತೆ. ಚಳಿಗೆ ಇರಬೇಕು ಎಂದುಕೊಂಡು ಸಂಜೆ ಅವಳ ಮನೆಗೆ ಹೋದೆ. ಅಲ್ಲಿ ಅಜ್ಜಿ, “ಮಾಷ್ಟ್ರೇ, ನೀವು ಹೇಳಿದ ಹಿಂಡಿಯನ್ನೇ ಹಾಕಿದ್ದು. ಹೇಂಟೆಯೂ ಅದನ್ನೇ ತಿಂದಿದೆ. ಅದಕ್ಕೆ ಏನೂ ಆಗಲಿಲ್ಲವಲ್ಲ!” ಎಂದರು. ಅಜ್ಜಿಯ ತರ್ಕದಲ್ಲಿ ಲೋಪವಿರಲಿಲ್ಲ. ಆದರೆ ಹಿಂಡಿಯ ಗೋಣಿಚೀಲ ಕೊಟ್ಟಿಗೆಯ ಮಣ್ಣುನೆಲದ ಮೇಲೆ ಗೋಡೆಗೆ ಒರಗಿತ್ತು. ಕೈ ಹಾಕಿದರೆ ಮುಗ್ಗಲು ವಾಸನೆ. ತಳದ ತುಂಡುಗಳ ಮೇಲೆ ಹಳದಿ ಹಸಿರಿನ ಪುಡಿ. ಸತ್ತ ಮರಿಯೊಂದನ್ನು ಪಶುವೈದ್ಯರಲ್ಲಿಗೆ ಒಯ್ದೆವು. ಅವರು ಕೊಯ್ದು, ಬಣ್ಣಗೆಟ್ಟಿದ್ದ ಯಕೃತ್ತನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ನೆಲಗಡಲೆ ಹಿಂಡಿ ಹಾಕಿದ್ರಾ?”

ಇಂಗ್ಲೆಂಡಿನ ‘ಎಕ್ಸ್’ ರೋಗ

ಇಂಥದೇ ಪ್ರಶ್ನೆ 1960ರಲ್ಲಿ ಇಂಗ್ಲೆಂಡನ್ನು ಕಾಡಿತ್ತು. ಕೆಲವೇ ತಿಂಗಳಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಮರಿಗಳು ಸತ್ತವು; ಬಾತುಮರಿಗಳೂ ಸತ್ತವು. ಕಾರಣ ತಿಳಿಯದ ಕಾಯಿಲೆಗೆ ‘ಟರ್ಕಿ ಎಕ್ಸ್’ ಎಂದು ಹೆಸರಿಟ್ಟರು. ಹುಡುಕುತ್ತಾ ಹೋದಾಗ ಜಾಡು ಬ್ರೆಜಿಲ್‌ನಿಂದ ಬಂದ ನೆಲಗಡಲೆ ಹಿಂಡಿಗೆ ಮುಟ್ಟಿತು. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ, ಅಂದರೆ ನಾವು ಬೂಷ್ಟು ಎನ್ನುವ ಜಾತಿಯದೇ, ವಿಷ ಉತ್ಪಾದಿಸಿತ್ತು. ಶಿಲೀಂಧ್ರದ ಹೆಸರಿನಿಂದಲೇ ವಿಷಕ್ಕೆ ‘ಅಫ್ಲಾಟಾಕ್ಸಿನ್’ ಎಂಬ ಹೆಸರು ಬಂತು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದು ‘ಬಿ’, ಹಸಿರಾಗಿ ಹೊಳೆಯುವುದು ‘ಜಿ’. ‘ಬಿ–1’ ಎಲ್ಲಕ್ಕಿಂತ ಘೋರ.

ಈ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಜೀವಿಗಳು ಕಡಿಮೆ. ಕೋಳಿ ಹಲವು ಪಟ್ಟು ಹೆಚ್ಚು ತಡೆದುಕೊಳ್ಳುತ್ತದೆ. ಅಜ್ಜಿಯ ಹೇಂಟೆ ಬದುಕಿದ ಗುಟ್ಟು ಇದೇ. ಒಂದು ಕಾಲದಲ್ಲಿ ಪ್ರಯೋಗಾಲಯಗಳಲ್ಲಿ ಮೇವಿನ ವಿಷವನ್ನು ಪತ್ತೆಹಚ್ಚಲು ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದರು. ನೆನೆಸಿದರೆ, ಕುದಿಸಿದರೆ ಹೋಗುವ ವಿಷ ಇದಲ್ಲ. ಬೂಷ್ಟನ್ನು ಒರೆಸಿ ತೆಗೆದರೂ ವಿಷ ಒಳಗೆ ಉಳಿದಿರುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಹಿಂಡಿಯನ್ನು ಮಳೆಗಾಲಕ್ಕೆಂದು ಕೂಡಿಡಬೇಡಿ; ಆಗಾಗ ಸ್ವಲ್ಪ ಸ್ವಲ್ಪವೇ ತನ್ನಿ. ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಜೋಳ, ಕೊಬ್ಬರಿ ಹಿಂಡಿಗಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಬಾತುಮರಿಗೆ ನೆಲಗಡಲೆ ಹಿಂಡಿಯನ್ನು ಹಾಕದಿರುವುದೇ ಕ್ಷೇಮ. ತೋಡಿನ ಬಸವನಹುಳು, ಎರೆಹುಳು, ಸಣ್ಣ ಮೀನು ಅದಕ್ಕೆ ಬೇಕಾದ ಪ್ರೋಟೀನನ್ನು ಕೊಡುತ್ತವೆ.

ಬಾತಿಗೆ ಒಣಹಿಟ್ಟು ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ನುಚ್ಚು, ತವುಡನ್ನು ನೀರಿನಲ್ಲಿ ಕಲಸಿ ಕೊಡಬೇಕು, ಉಳಿದದ್ದನ್ನು ಅಂದೇ ಚೆಲ್ಲಬೇಕು. ಕೋಳಿಮರಿಗಿಂತ ಬಾತುಮರಿಗೆ ನಯಾಸಿನ್ ಎಂಬ ಬಿ ಜೀವಸತ್ವ ಹೆಚ್ಚು ಬೇಕು. ಕೋಳಿಯ ಮೇವನ್ನಷ್ಟೇ ತಿಂದ ಮರಿಗಳ ಕಾಲು ಸೊಟ್ಟಗಾಗುವುದುಂಟು. ತವುಡು ಈ ಕೊರತೆಯನ್ನು ಬಹುಮಟ್ಟಿಗೆ ನೀಗುತ್ತದೆ.

ಈಜಲು ಕೆರೆಯೇ ಬೇಕೆಂದಿಲ್ಲ. ಆದರೆ ಕೊಕ್ಕನ್ನು ಮೂಗಿನ ಹೊಳ್ಳೆಯವರೆಗೆ ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳದ ನೀರು ಬೇಕೇ ಬೇಕು. ಇಲ್ಲವಾದರೆ ಕಣ್ಣು, ಮೂಗು ಕಟ್ಟುತ್ತವೆ. ಹೇಂಟೆ ಬೆಳೆಸಿದ ಮರಿಗೆ ತಾಯಿಬಾತಿನ ಗರಿಯ ಎಣ್ಣೆ ಸಿಗುವುದಿಲ್ಲ. ಹೀಗಾಗಿ ಮೊದಲ ಮೂರು ನಾಲ್ಕು ವಾರ ಮಳೆಗೆ ನೆನೆಯಬಾರದು. ಹಾಸಿದ ಉಮಿ ಒದ್ದೆಯಾದರೆ ಅಲ್ಲಿಯೂ ಬೂಷ್ಟು ಬರುತ್ತದೆ, ಬದಲಾಯಿಸುತ್ತಿರಿ. ದೊಡ್ಡ ಬಾತುಗಳು ಬೆಳಗಿನ ಜಾವ ಮೊಟ್ಟೆ ಇಡುವುದರಿಂದ ಎಂಟೂವರೆ, ಒಂಬತ್ತರ ನಂತರ ಹೊರಗೆ ಬಿಟ್ಟರೆ ಮೊಟ್ಟೆ ಗದ್ದೆಯ ಪಾಲಾಗುವುದಿಲ್ಲ. ಬಾತುಪ್ಲೇಗಿನ ಲಸಿಕೆಯ ಬಗ್ಗೆ ಪಶುವೈದ್ಯರನ್ನು ವಿಚಾರಿಸಿ. ಒಮ್ಮೆಗೇ ಹಲವು ಸತ್ತರೆ ತೋಡಿಗೆ ಎಸೆಯದೆ ಅವರಿಗೆ ತಿಳಿಸಿ. 2014ರಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಕಡೆಯ ಬಾತುಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದನ್ನು ಮರೆಯುವಂತಿಲ್ಲ.

ಕೊನೆಗೊಂದು ಮಾತು. ಆ ಚೀಲದ ಹಿಂಡಿಯನ್ನೇ ಅಜ್ಜಿಯ ಕರೆಯುವ ಹಸುವೂ ತಿನ್ನುತ್ತಿತ್ತು. ಹಸು ಸಾಯಲಿಲ್ಲ, ನಿಜ. ಆದರೆ ಅಫ್ಲಾಟಾಕ್ಸಿನ್ ರೂಪ ಬದಲಿಸಿಕೊಂಡು ಹಾಲಿಗೂ ಇಳಿಯುತ್ತದೆ. ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವೆಂದು ಸಾಬೀತಾದ ವಿಷ ಅದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅಜ್ಜಿಗೆ ಇದನ್ನು ವಿವರಿಸಿದಾಗ ಅವರು ಮರುಮಾತಾಡದೆ ಚೀಲವನ್ನು ಎಳೆದು ತಂದು ತೋಟದ ಗುಂಡಿಯಲ್ಲಿ ಹೂಳಿಸಿದರು.

ಉಳಿದ ಎರಡು ಮರಿಗಳು ಬದುಕಿದವು. ಮರುವರ್ಷ ಹುಡುಗಿ ಒಂದು ಬಾತುಮೊಟ್ಟೆ ತಂದು ನನ್ನ ಮೇಜಿನ ಮೇಲಿಟ್ಟಳು. ಅಂದಿನಿಂದ ಯಾರಾದರೂ “ಏನು ಹಾಕಬೇಕು ಸರ್?” ಎಂದರೆ ಉತ್ತರಿಸುವ ಮೊದಲು ನಾನೇ ಕೇಳುತ್ತೇನೆ: “ಮೇವನ್ನು ಎಲ್ಲಿ ಇಟ್ಟಿದ್ದೀರಿ?”