ಹತ್ತಿ ಬರಲಾಗದ ಹೊಂಡ ಬೇಡ

ಎರಡು ವರ್ಷಗಳ ಹಿಂದೆ, ಶ್ರಾವಣ ಮಾಸದಲ್ಲಿ, ಬಯಲುಸೀಮೆಯ ಒಂದು ಹಳ್ಳಿಗೆ ಕೃಷಿ ಹೊಂಡ ನೋಡಲು ಹೋಗಿದ್ದೆ. ಆ ವರ್ಷ ಮಳೆ ಚೆನ್ನಾಗಿ ಬಿದ್ದು ಹೊಂಡ ಅಂಚಿನವರೆಗೂ ತುಂಬಿತ್ತು. ಯಜಮಾನರು ಬಹಳ ಹೆಮ್ಮೆಯಿಂದ ಕರೆದಿದ್ದರು. ನಾವಿನ್ನೂ ಅವರ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತಿರುವಾಗಲೇ ಹೊಲದ ಕಡೆಯಿಂದ ಕೂಗು ಕೇಳಿಸಿತು. ಬೇಲಿಯ ತಂತಿ ಸಡಿಲವಾಗಿದ್ದ ಕಡೆ ಒಂದು ಕಡಸು ನುಗ್ಗಿ, ನೀರು ಕುಡಿಯಲು ಬಾಗಿದಾಗ ಜಾರಿ ಒಳಗೆ ಬಿದ್ದಿತ್ತು. ಈಜುತ್ತಿತ್ತು. ಆದರೆ ಅಂಚಿಗೆ ಬಂದು ಮುಂಗಾಲು ಊರಿದಾಗಲೆಲ್ಲ ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಗೊರಸು ನಿಲ್ಲದೆ ಮತ್ತೆ ನೀರಿಗೆ ಜಾರುತ್ತಿತ್ತು. ಹಗ್ಗ ಕಟ್ಟಲೆಂದು ಇಳಿದ ಯಜಮಾನರ ಮಗನೂ ಮೇಲೆ ಬರಲಾರದೆ ಹೋದ. ಪಂಪಿನ ಪೈಪನ್ನು ಎಸೆದು ನಾಲ್ಕು ಜನ ಎಳೆದುದರಿಂದ ಅವನು ಉಳಿದ. ಕಡಸು ಉಳಿಯಲಿಲ್ಲ.

ಆ ದಿನದಿಂದ ಯಾವ ಹೊಂಡವನ್ನು ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಅದರ ಗೋಡೆಯ ಇಳಿಜಾರಿನ ಕಡೆಗೆ. ನೀರು ಎಷ್ಟಿದೆ ಎಂಬುದು ಆಮೇಲಿನ ಮಾತು. ಹೊಂಡದಲ್ಲಿ ಬಿದ್ದು ಮಕ್ಕಳು ಸತ್ತ ಸುದ್ದಿ ಪ್ರತಿ ವರ್ಷವೂ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಬೇಲಿ ಹಾಕಿರಿ ಎಂದು ನಾವು ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಬೇಲಿ ಒಂದು ದಿನ ಮುರಿಯುತ್ತದೆ, ಗೇಟು ಒಂದು ದಿನ ತೆರೆದಿರುತ್ತದೆ. ಬಿದ್ದವರು ತಮ್ಮ ಕಾಲಿನ ಮೇಲೆ ತಾವೇ ಹತ್ತಿ ಬರುವಂತಹ ಹೊಂಡವನ್ನು ಏಕೆ ಕಟ್ಟಬಾರದು ಎಂಬುದೇ ಈ ಲೇಖನದಲ್ಲಿ ನಾನು ಕೇಳುವ ಪ್ರಶ್ನೆ.

2014-15ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ಮೇಲೆ ಒಣಭೂಮಿ ಪ್ರದೇಶದಲ್ಲಿ ಕೃಷಿ ಹೊಂಡಗಳು ಬಹಳವಾಗಿ ಹರಡಿದವು. ಅದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರು ಬೇಕು. ರಾಗಿ ತೆನೆ ಕಟ್ಟುವ ಕಾಲಕ್ಕೆ ಮಳೆ ಕೈಕೊಟ್ಟಾಗ ಆ ಒಂದು ಅಂಗುಲ ನೀರಿನ ಬೆಲೆ ಏನೆಂಬುದನ್ನು ಬೇಸಾಯಗಾರರಿಗೆ ನಾನು ಹೇಳಬೇಕಾಗಿಲ್ಲ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವೊಂದು, ಗೋಡೆಗಳು ಒಂದಕ್ಕೆ ಒಂದರ ಇಳಿಜಾರಿನಲ್ಲಿದ್ದರೆ, ಸುಮಾರು 9 ಲಕ್ಷ 80 ಸಾವಿರ ಲೀಟರು ನೀರು ಹಿಡಿಯುತ್ತದೆ.

ಈ ಒಂದಕ್ಕೆ ಒಂದು ಎಂಬುದೇ ತೊಡಕಿನ ಮೂಲ. ಒಂದು ಅಡಿ ಒಳಕ್ಕೆ ಹೋದರೆ ಒಂದು ಅಡಿ ಕೆಳಕ್ಕೆ ಇಳಿಯುವ ಗೋಡೆ ಅದು. ಬರಿಯ ಮಣ್ಣಾಗಿದ್ದರೆ ಹೇಗೋ ಬೆರಳೂರಿ, ಬೇರು ಹಿಡಿದು ಹತ್ತಬಹುದು. ಅದರ ಮೇಲೆ ನುಣುಪಾದ ಹಾಳೆ ಹಾಸಿ, ಹಾಳೆಯ ಮೇಲೆ ಪಾಚಿಯೂ ಕಟ್ಟಿದರೆ ಈಜು ಬಲ್ಲವನಿಗೂ ಹತ್ತುವುದು ಅಸಾಧ್ಯ. ಇನ್ನು ಹಾಳೆಯನ್ನು ಮಣ್ಣಿನಿಂದ ಮುಚ್ಚೋಣವೆಂದರೆ ಇಷ್ಟು ಕಡಿದಾದ ಗೋಡೆಯ ಮೇಲೆ ಮಣ್ಣು ನಿಲ್ಲುವುದಿಲ್ಲ. ಆದುದರಿಂದ ಹಾಳೆ ಬೆತ್ತಲೆಯಾಗಿಯೇ ಉಳಿಯುತ್ತದೆ. ಬಿಸಿಲಿಗೆ ಪೆಡಸಾಗುತ್ತದೆ, ಇಲಿ ಹೆಗ್ಗಣಗಳು ಕಚ್ಚುತ್ತವೆ, ನಾಯಿಯ ಉಗುರು ಹರಿಯುತ್ತದೆ.

ನಮ್ಮ ಹಿರಿಯರು ಕಟ್ಟಿದ ಗೋಕಟ್ಟೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ದನಗಳು ಇಳಿದು, ನೀರು ಕುಡಿದು, ಮೈ ನೆನೆಸಿಕೊಂಡು ತಾವಾಗಿಯೇ ಹತ್ತಿ ಬರುವಂತೆ ಒಂದು ಕಡೆ ಉದ್ದನೆಯ ಇಳಿಜಾರು. ಗೊರಸುಗಳು ದಿನವೂ ತುಳಿದು ತುಳಿದು ತಳದ ಜೇಡಿ ಗಟ್ಟಿಯಾಗುತ್ತಿತ್ತು, ನೀರು ಇಂಗುವುದು ತಾನಾಗಿಯೇ ಕಡಿಮೆಯಾಗುತ್ತಿತ್ತು.

ಇಳಿಜಾರು ಮಾಡಿದರೆ ಭೂಮಿ ಹೋಗುತ್ತದಲ್ಲ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕೋಣ. ನಾಲ್ಕೂ ಬದಿಯನ್ನು ಮೂರು ಅಡಿ ಒಳಕ್ಕೆ ಹೋದರೆ ಒಂದು ಅಡಿ ಇಳಿಯುವಂತೆ ಮಾಡಿ ಅಷ್ಟೇ ನೀರನ್ನು ಹಿಡಿಯಬೇಕಾದರೆ ಹೊಂಡದ ಬಾಯಿ 21 ಮೀಟರಿನ ಬದಲು ಸುಮಾರು 26 ಮೀಟರ್ 30 ಸೆಂಟಿಮೀಟರ್ ಆಗಬೇಕು. ಹೆಚ್ಚಿಗೆ ಹೋಗುವ ಭೂಮಿ ಎರಡೂವರೆ ಗುಂಟೆ. ಬಾಯಿ ಅಗಲವಾದಷ್ಟೂ ಬಿಸಿಲಿಗೆ ಆರಿಹೋಗುವ ನೀರೂ ಹೆಚ್ಚು ಎಂಬುದನ್ನು ಮುಚ್ಚಿಡುವುದಿಲ್ಲ. ಅಷ್ಟು ಭೂಮಿ ಬಿಡಲಾರೆವು ಎನ್ನುವವರು ಒಂದು ಬದಿಯನ್ನಾದರೂ ಹೀಗೆ ಮಾಡಲಿ. ಉಳಿದ ಮೂರು ಬದಿ ಮೊದಲಿನಂತೆಯೇ ಇದ್ದು ಒಂದು ಬದಿ ಮಾತ್ರ ಗೋಕಟ್ಟೆಯಂತೆ ಇಳಿದರೆ ಹೆಚ್ಚಿಗೆ ಬೇಕಾಗುವುದು ಒಂದೂಕಾಲು ಗುಂಟೆ ಮಾತ್ರ. ಜೊತೆಗೆ ಆ ಬದಿಯಲ್ಲಿ ತೆಗೆದ ಮಣ್ಣಿನ ಜಾಗದಲ್ಲಿಯೂ ನೀರು ನಿಲ್ಲುವುದರಿಂದ ಹೊಂಡ ಮೊದಲಿಗಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ.

ಇಳಿಜಾರು ಸಡಿಲವಾದೊಡನೆ ಹಾಸಿನ ವಿಷಯದಲ್ಲಿಯೂ ನಮಗೆ ಆಯ್ಕೆ ದೊರೆಯುತ್ತದೆ. ಜಿಯೋಸಿಂಥೆಟಿಕ್ ಕ್ಲೇ ಲೈನರ್ ಎಂಬ ಹೊಸ ಬಗೆಯ ಹಾಸಿನ ಬಗ್ಗೆ ಹಲವರು ನನ್ನನ್ನು ವಿಚಾರಿಸುತ್ತಿದ್ದಾರೆ. ನಾವು ಅದನ್ನು ಜೇಡಿಹಾಸು ಎಂದು ಕರೆಯೋಣ. ಎರಡು ಪದರ ಕೃತಕ ನೂಲಿನ ದಪ್ಪ ಬಟ್ಟೆ, ನಡುವೆ ಬೆಂಟೋನೈಟ್ ಎಂಬ ಜೇಡಿಯ ಪುಡಿ. ಕಂಬಳಿಗೆ ಹೊಲಿಗೆ ಹಾಕಿದಂತೆ ಸೂಜಿಗಳಿಂದ ಚುಚ್ಚಿ ಎರಡೂ ಬಟ್ಟೆಗಳನ್ನು ಬಿಗಿದಿರುತ್ತಾರೆ. ಒಂದು ಚದರ ಮೀಟರಿಗೆ ನಾಲ್ಕೈದು ಕಿಲೋ ಜೇಡಿ ಇರುತ್ತದೆ. 1980ರ ದಶಕದಲ್ಲಿ ಅಮೆರಿಕ, ಜರ್ಮನಿ ದೇಶಗಳಲ್ಲಿ ಕಸ ಹೂಳುವ ಗುಂಡಿಗಳ ತಳಕ್ಕೆ ಹಾಸಲೆಂದು ಬಳಕೆಗೆ ಬಂದದ್ದು ಈಗ ಕೆರೆ ಕೊಳಗಳಿಗೂ ಬಂದಿದೆ. ಬೆಂಟೋನೈಟ್ ಎಂದರೆ ಅಪರಿಚಿತ ವಸ್ತುವೇನಲ್ಲ. ಗುಜರಾತಿನ ಕಚ್ಛ್‌ನಲ್ಲಿಯೂ ರಾಜಸ್ಥಾನದ ಬಾಡಮೇರಿನಲ್ಲಿಯೂ ಅಗೆದು ತೆಗೆಯುತ್ತಾರೆ. ನಮ್ಮ ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂತೆ ಮಾಡುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯೇ ಇದರಲ್ಲಿಯೂ ಇರುವುದು. ನೀರು ತಾಗಿದೊಡನೆ ಹಲವು ಪಟ್ಟು ಉಬ್ಬಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಸಣ್ಣ ಮೊಳೆ ಚುಚ್ಚಿದ ತೂತನ್ನು ತಾನೇ ಮುಚ್ಚಿಕೊಳ್ಳುವ ಗುಣ ಪ್ಲಾಸ್ಟಿಕ್ ಹಾಳೆಗಿಲ್ಲ, ಇದಕ್ಕಿದೆ. ಸರಿಯಾಗಿ ಹಾಸಿದರೆ ಮೂರು ಮೀಟರ್ ನೀರು ನಿಂತಾಗಲೂ ಇಂಗಿ ಹೋಗುವುದು ದಿನಕ್ಕೆ ಒಂದು ಮಿಲಿಮೀಟರಿನ ಆಸುಪಾಸು. ಬಿಸಿಲಿಗೆ ದಿನಕ್ಕೆ ಐದಾರು ಮಿಲಿಮೀಟರ್ ಆರಿಹೋಗುವ ನಮ್ಮ ಸೀಮೆಯಲ್ಲಿ ಇದು ದೊಡ್ಡ ನಷ್ಟವಲ್ಲ.

ನನಗೆ ಇದು ಹಿಡಿಸುವುದು ಬೇರೊಂದು ಕಾರಣಕ್ಕಾಗಿ. ಜೇಡಿಹಾಸನ್ನು ಬೆತ್ತಲೆಯಾಗಿ ಬಿಡಲು ಬರುವುದೇ ಇಲ್ಲ. ಹಾಸಿದ ಕೂಡಲೇ, ನೀರು ತಾಗುವ ಮುನ್ನವೇ, ಮೇಲೆ ಕನಿಷ್ಠ ಒಂದು ಅಡಿ ಮಣ್ಣು ಹೊದಿಸಲೇಬೇಕು. ಭಾರವಿಲ್ಲದೆ ನೆನೆದರೆ ಜೇಡಿ ಅಡ್ಡಾದಿಡ್ಡಿ ಉಬ್ಬಿ ಕಾಲಿಟ್ಟಲ್ಲೆಲ್ಲ ಪಕ್ಕಕ್ಕೆ ಜಾರುತ್ತದೆ. ಮಣ್ಣು ನಿಲ್ಲಬೇಕಾದರೆ ಇಳಿಜಾರು ಸಡಿಲವಾಗಿರಲೇಬೇಕು. ಅಂದರೆ ಈ ಹಾಸನ್ನು ಬಳಸುವವನು ಬಯಸಲಿ ಬಿಡಲಿ, ಹತ್ತಿ ಬರಬಹುದಾದ ಹೊಂಡವನ್ನೇ ಕಟ್ಟಬೇಕಾಗುತ್ತದೆ. ಬಟ್ಟೆಯ ಮೈ ಒರಟಾಗಿರುವುದರಿಂದ ಮಣ್ಣು ಅದರ ಮೇಲೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಮಣ್ಣಿನ ಹೊದಿಕೆಗೆ ಜಾಗ ಬೇಕಾದುದರಿಂದ ಹೊಂಡವನ್ನು ಒಂದು ಅಡಿ ಹೆಚ್ಚಿಗೆ ತೋಡಿಕೊಳ್ಳಬೇಕು. ಹಾಸಿನ ಅಂಚುಗಳು ಒಂದರ ಮೇಲೊಂದು ಅರ್ಧದಿಂದ ಒಂದು ಅಡಿ ಏರಿಕೊಂಡಿರಲಿ, ನಡುವೆ ಅದೇ ಜೇಡಿಯ ಪುಡಿಯನ್ನು ಉದುರಿಸಿರಿ. ಮಳೆ ಮೋಡ ಕಂಡ ದಿನ ಹಾಸುವ ಕೆಲಸಕ್ಕೆ ಕೈ ಹಾಕಲೇಬೇಡಿ.

ಇಷ್ಟು ಹೇಳಿದ ಮೇಲೆ ಇದರ ದೋಷಗಳನ್ನೂ ಹೇಳದಿದ್ದರೆ ಮಾರಾಟಗಾರನ ಮಾತಾದೀತು. ಮೊದಲನೆಯದಾಗಿ ಭಾರ. ಮೇಲೆ ಹೇಳಿದ 26 ಮೀಟರಿನ ಹೊಂಡಕ್ಕೆ ಬೇಕಾಗುವ ಜೇಡಿಹಾಸು ನಾಲ್ಕು ಟನ್ನಿಗೂ ಹೆಚ್ಚು ತೂಗುತ್ತದೆ. 21 ಮೀಟರಿನ ಹೊಂಡಕ್ಕೆ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆಯಾದರೆ ಮುನ್ನೂರು ಕಿಲೋ ಸಾಕು. ಜೇಡಿಹಾಸಿನ ಉರುಳೆಯನ್ನು ಬಿಚ್ಚಲು ಯಂತ್ರವೇ ಬೇಕು. ಒಬ್ಬ ಸಣ್ಣ ರೈತನ ಕೈಗೆ ಇದು ಸುಲಭವಾಗಿ ನಿಲುಕುವ ವಸ್ತುವಲ್ಲ.

ಎರಡನೆಯದು ನಮ್ಮ ಬೇಸಿಗೆ. ನಮ್ಮ ಹೊಂಡಗಳು ವರ್ಷಕ್ಕೊಮ್ಮೆ ಬರಿದಾಗುವಂತಹವು. ಒಣಗಿದ ಜೇಡಿ ಬಿರಿಯುತ್ತದೆ. ಮತ್ತೆ ನೀರು ಬಂದಾಗ ಉಬ್ಬಿ ಬಿರುಕು ಮುಚ್ಚಬೇಕು. ಆದರೆ ಸುಣ್ಣದ ಅಂಶವಿರುವ ನೀರು ತಾಗಿದ್ದರೆ ಅದರ ಉಬ್ಬುವ ಶಕ್ತಿಯೇ ಕುಗ್ಗುತ್ತದೆ. ಬೆಂಟೋನೈಟಿನಲ್ಲಿ ಸೋಡಿಯಂ ಇರುವವರೆಗೆ ಅದಕ್ಕೆ ಆ ಗುಣ. ನೀರಿನ ಕ್ಯಾಲ್ಸಿಯಂ ಬಂದು ಸೋಡಿಯಂನ ಜಾಗ ಹಿಡಿದರೆ ಮುಗಿಯಿತು. ಹೀಗಾಗಿ ಕೊಳವೆ ಬಾವಿಯ ಗಡಸು ನೀರನ್ನು ತುಂಬಿಸಿಡುವ ಹೊಂಡಕ್ಕೆ ಇದನ್ನು ನಾನು ಸೂಚಿಸಲಾರೆ. ಮಳೆನೀರಿನ ಹೊಂಡಕ್ಕೆ ಹಾಸುವವರು ಸುಣ್ಣದ ಹರಳಿಲ್ಲದ ಮಣ್ಣನ್ನು ಹೊದಿಸಲಿ, ಒಂದು ಅಡಿಯ ಬದಲು ಒಂದೂವರೆ ಅಡಿ ಹೊದಿಸಲಿ, ತಳದಲ್ಲಿ ಒಂದಡಿ ನೀರನ್ನು ಪಂಪಿಗೆ ಕೊಡದೆ ಉಳಿಸಲಿ. ಏರಿಯ ಮೇಲೆ ಜಾಲಿ, ಹೊಂಗೆ ಬೆಳೆಯಲು ಬಿಡಬಾರದು. ಬೇರು ಬಟ್ಟೆಯನ್ನು ತೂರಿ ಹೋಗುತ್ತದೆ.

ಹಾಗಾದರೆ ಎಲ್ಲರೂ ಇದನ್ನು ಕೊಳ್ಳಬೇಕೆ? ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಒಳ್ಳೆಯ ಜೇಡಿಮಣ್ಣನ್ನು ಒಂದು ಅಡಿ ದಪ್ಪಕ್ಕೆ ಸರಿಯಾಗಿ ಗಟ್ಟಿಸಿದರೆ ಲೆಕ್ಕದ ಪ್ರಕಾರ ಅದೂ ಹೆಚ್ಚುಕಡಿಮೆ ಇಷ್ಟೇ ನೀರನ್ನು ಬಿಡುತ್ತದೆ. ಹೊಲದಲ್ಲಿ ಅಷ್ಟು ಅಚ್ಚುಕಟ್ಟಾಗಿ ಆಗದಿರಬಹುದು, ಆದರೂ ಬರಿಯ ಕೆಂಪು ಮಣ್ಣಿಗಿಂತ ಎಷ್ಟೋ ಮೇಲು. ನಿಮ್ಮ ಊರಿನ ಕೆರೆಯ ಗೋಡು ತಂದು, ಅದರಲ್ಲಿ ಮರಳು ಕಡಿಮೆಯಿದೆಯೇ ಎಂದು ನೋಡಿ. ಹದವಾಗಿ ನೆನೆಸಿದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಮಾಡಿದಾಗ ಎರಡು ಅಂಗುಲ ಉದ್ದಕ್ಕೆ ಮುರಿಯದೆ ಬಂದರೆ ಅದು ಕೆಲಸಕ್ಕೆ ಬರುವ ಜೇಡಿ. ಅರ್ಧರ್ಧ ಅಡಿಯ ಎರಡು ಪದರಗಳಲ್ಲಿ ಹರಡಿ, ಉಂಡೆ ಕಟ್ಟುವಷ್ಟು ತೇವದಲ್ಲಿ ರೋಲರ್ ಓಡಿಸಿರಿ. ರೋಲರ್ ಸಿಗದ ಕಡೆ ಕುರಿಮಂದೆಯನ್ನು ಒಂದೆರಡು ದಿನ ಅದರೊಳಗೆ ಓಡಾಡಿಸಿದರೂ ಆದೀತು. ಇದಕ್ಕೂ ಸಡಿಲ ಇಳಿಜಾರು ಬೇಕೇ ಬೇಕು. ಎರೆಭೂಮಿಯವರಿಗಂತೂ ಹಾಸಿನ ಅಗತ್ಯವೇ ಸಾಮಾನ್ಯವಾಗಿ ಬರುವುದಿಲ್ಲ. ಮೊದಲ ಮಳೆಯ ನೀರು ಬಿರುಕಿನಲ್ಲಿ ಇಳಿದುಹೋದರೂ ಮಣ್ಣು ಉಬ್ಬಿದ ಮೇಲೆ ನಿಲ್ಲುತ್ತದೆ. ಅನುಮಾನವಿದ್ದವರು ಹೊಂಡ ತೋಡುವ ಜಾಗದಲ್ಲಿ ಒಂದು ಸಣ್ಣ ಗುಂಡಿ ತೆಗೆದು, ಒಂದು ದಿನ ನೀರು ಕುಡಿಸಿ, ಮರುದಿನ ಸಂಜೆ ಮತ್ತೆ ತುಂಬಿ, ಬೆಳಿಗ್ಗೆ ಎಷ್ಟು ಇಳಿದಿದೆ ಎಂದು ಅಳತೆ ಕೋಲಿಟ್ಟು ನೋಡಲಿ. ಕೆಂಪು ಮರಳುಮಣ್ಣಿನಲ್ಲಿ, ಹತ್ತಿರದಲ್ಲಿ ಜೇಡಿಯೂ ಸಿಗದ ಕಡೆ, ನಾಲ್ಕಾರು ಜನ ಸೇರಿ ದೊಡ್ಡ ಹೊಂಡ ಮಾಡುವಾಗ ಜೇಡಿಹಾಸು ಯೋಚಿಸತಕ್ಕ ವಸ್ತು.

ಊರ ಕೆರೆಗೂ ಇದನ್ನು ಹಾಸಬಹುದೇ ಎಂದು ಒಬ್ಬ ಪಂಚಾಯಿತಿ ಸದಸ್ಯರು ಕೇಳಿದ್ದರು. ದಯವಿಟ್ಟು ಬೇಡ. ಕೆರೆಯ ಕೆಲಸ ನೀರು ನಿಲ್ಲಿಸುವುದರ ಜೊತೆಗೆ ಇಂಗಿಸುವುದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿರುವುದೇ ಅಂತರ್ಜಲ ಏರಲಿ ಎಂದು. ಕೆರೆಯ ತಳ ಮುಚ್ಚಿದರೆ ಏರಿಯ ಕೆಳಗಿನ ಬಾವಿಗಳು ಸಾಯುತ್ತವೆ.

ಈಗಾಗಲೇ ಕಡಿದಾದ ಹೊಂಡ ತೋಡಿ ಹಾಳೆ ಹಾಸಿಕೊಂಡವರು ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿರಿ ಎಂದು ನಾನು ಹೇಳುವುದಿಲ್ಲ. ಮುಂಗಾರಿಗೆ ಮುಂಚೆ, ಹೊಂಡ ಬರಿದಾಗಿರುವಾಗ, ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಒಂದು ಮೂಲೆಯಲ್ಲಿ ತಳದಿಂದ ಬಾಯಿಯವರೆಗೆ ಮೆಟ್ಟಿಲಿನಂತೆ ಜೋಡಿಸಿರಿ. ನಾಲ್ಕೂ ಬದಿಯಲ್ಲಿ ಗೂಟಕ್ಕೆ ಬಿಗಿದು ಒಂದೊಂದು ನೈಲಾನ್ ಹಗ್ಗ ಇಳಿಬಿಡಿ. ಮೊಳಕ್ಕೊಂದು ಗಂಟು ಹಾಕಿದ್ದರೆ ಒದ್ದೆ ಕೈಗೂ ಹಿಡಿತ ಸಿಗುತ್ತದೆ. ಗಾಳಿ ತುಂಬಿದ ಹಳೆಯ ಟ್ರ್ಯಾಕ್ಟರ್ ಟ್ಯೂಬೊಂದನ್ನು ಹಗ್ಗ ಸಮೇತ ಪಂಪಿನ ಮನೆಯ ಹೊರಗೆ, ಬೀಗವಿಲ್ಲದ ಕಡೆ, ತೂಗುಹಾಕಿರಿ. ನಾನು ಹೇಳಿದ ಆ ಯಜಮಾನರು ಮರುವರ್ಷ ಬಡಗಣ ಬದಿಯನ್ನು ಅಗೆಸಿ ಇಳಿಜಾರು ಮಾಡಿಸಿದರು. ಒಂದೂಕಾಲು ಗುಂಟೆಯಲ್ಲಿ ಎರಡು ಹುಣಸೆ ಮರ ಹೋಯಿತೆಂದು ಅವರಿಗೆ ಇನ್ನೂ ಬೇಸರವಿದೆ.