ಲೆಕ್ಕ ಮೊಬೈಲ್‌ಗೆ ಹೋಯ್ತು, ಉತ್ತರ ಕೊಡೋರು ಯಾರು? ಡೈರಿ, ಪಂಚಾಯ್ತಿ, ವರ್ತಕರ ಸಂಘಗಳಲ್ಲಿ ಬದಲಾಗುತ್ತಿರುವ ನಾಯಕತ್ವ

ಊರಿನ ಸಂಘ-ಸಂಸ್ಥೆಗಳಲ್ಲಿ ಇಷ್ಟು ದಿನ ನಾಯಕ ಅಂದ್ರೆ ಯಾರು? ಲೆಕ್ಕದ ಪುಸ್ತಕ ಯಾರ ಕೈಲಿದೆಯೋ ಅವರು. ಡೈರಿಯಲ್ಲಿ ಕಾರ್ಯದರ್ಶಿ, ಪಂಚಾಯ್ತಿಯಲ್ಲಿ ಅಧ್ಯಕ್ಷರು ಮತ್ತು ಪಿಡಿಒ, ಪೇಟೆಯಲ್ಲಿ ವರ್ತಕರ ಸಂಘದ ಮುಖಂಡರು. ಈಗ ಆ ಪುಸ್ತಕ ಕಂಪ್ಯೂಟರ್, ಮೊಬೈಲ್ ಸೇರಿದೆ. ಹಾಗಾದ್ರೆ ಆ ಕುರ್ಚಿಯಲ್ಲಿ ಕೂತವರಿಗೆ ಏನು ಕೆಲಸ ಉಳಿಯಿತು? ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಕೇಳಬೇಕಾದ ಪ್ರಶ್ನೆ ಇದು.

ಡೈರಿಯಲ್ಲಿ ಮಿಷಿನ್ ಮಾತು

ಹಳ್ಳಿಗಳಲ್ಲಿ ಬೆಳಗ್ಗೆ-ಸಂಜೆ ಹಾಲು ಹಾಕೋರಿಗೆ ಈ ಬದಲಾವಣೆ ಚೆನ್ನಾಗಿ ಗೊತ್ತು. ಮೊದಲು ಲೀಟರ್ ಅಳತೆ, ಲ್ಯಾಕ್ಟೋಮೀಟರ್, ಕೈಬರಹದ ಪುಸ್ತಕ. ಹಾಲು ಗಟ್ಟಿಯೋ, ನೀರೋ ಅಂತ ಹೇಳೋ ಅಧಿಕಾರ ಕಾರ್ಯದರ್ಶಿಯದು. ಯಂತ್ರ ಬಂದ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ತೂಕ ತೋರಿಸುತ್ತೆ, ಅನಲೈಸರ್ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಹೇಳುತ್ತೆ, ಚೀಟಿ ಕೈಗೆ ಬರುತ್ತೆ, ದುಡ್ಡು ಬ್ಯಾಂಕ್ ಖಾತೆಗೆ ಹೋಗುತ್ತೆ. ಗೌಡ್ರ ಹಾಲಿಗೂ ಬಡವರ ಹಾಲಿಗೂ ಒಂದೇ ಮಿಷಿನ್. ಇದು ನಿಜಕ್ಕೂ ಒಳ್ಳೆಯದೇ.

ಆದ್ರೆ ಮಿಷಿನ್ ಕೂಡ ತಪ್ಪುತ್ತೆ. ಸರಿಯಾಗಿ ತೊಳೆಯದಿದ್ದರೆ, ಕಾಲಕಾಲಕ್ಕೆ ಕ್ಯಾಲಿಬ್ರೇಷನ್ ಮಾಡಿಸದಿದ್ದರೆ ಅನಲೈಸರ್ ತೋರಿಸೋ ಅಂಕಿಯೇ ಬೇರೆಯಾಗುತ್ತೆ. ಫ್ಯಾಟ್ ಒಂದೆರಡು ಪಾಯಿಂಟ್ ಕಡಿಮೆ ಬಂದರೆ ನಷ್ಟ ಹಾಲು ಹಾಕಿದವರಿಗೆ. ಕೇಳಿದರೆ "ನಾನೇನ್ ಮಾಡ್ಲಿ, ಮಿಷಿನ್ ತೋರಿಸ್ತಿದೆ" ಅಂದುಬಿಟ್ಟರೆ? ತಕ್ಕಡಿ ಮೇಲೆ ಕೈ ಇಟ್ಟವರನ್ನಾದ್ರೂ ಹಿಡಿದು ಕೇಳಬಹುದಿತ್ತು, ಮಿಷಿನ್ ಮುಂದೆ ಯಾರ ಹತ್ರ ಜಗಳ ಆಡೋದು? ಇಲ್ಲೇ ಕಾರ್ಯದರ್ಶಿ, ಅಧ್ಯಕ್ಷರ ಹೊಸ ಕೆಲಸ ಶುರುವಾಗೋದು. ಮಿಷಿನ್ ಸರಿಯಿದೆ ಅಂತ ಎಲ್ಲರ ಮುಂದೆ ತೋರಿಸೋದು ಅವರದ್ದೇ ಜವಾಬ್ದಾರಿ.

ಪಂಚಾಯ್ತಿಯಲ್ಲಿ ಫೋಟೋ ಹಾಜರಾತಿ

ನರೇಗಾ ಕೆಲಸಕ್ಕೆ ಎನ್‌ಎಂಎಂಎಸ್ ಆ್ಯಪ್‌ನಲ್ಲೇ ಹಾಜರಾತಿ ಅಂತ ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಕೆಲಸದ ಜಾಗದಲ್ಲೇ ಫೋಟೋ, ಅದರಲ್ಲಿ ಸಮಯ ಮತ್ತು ಸ್ಥಳದ ಗುರುತು. ಸುಳ್ಳು ಹಾಜರಾತಿ ತಪ್ಪಿಸೋದು ಉದ್ದೇಶ.

ಆಮೇಲೆ ಏನಾಯ್ತು ನೋಡಿ. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ದುರುಪಯೋಗ ಒಪ್ಪಿಕೊಂಡಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ ಹಾಕೋದು, ಫೋಟೋದ ಫೋಟೋ ತೆಗೆದು ಕಳಿಸೋದು, ಚಿತ್ರದಲ್ಲಿ ಇರೋ ತಲೆಗೂ ಹಾಜರಾತಿಗೂ ತಾಳೆ ಆಗದಿರೋದು. ಪರಿಹಾರ ಏನು ಹೇಳಿದ್ರು ಗೊತ್ತಾ? ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಎಲ್ಲಾ ಫೋಟೋಗಳನ್ನೂ ಮನುಷ್ಯರೇ ಕೂತು ನೋಡಿ ಪರಿಶೀಲಿಸಬೇಕು! ಅಂದ್ರೆ ಸುತ್ತಿ ಸುತ್ತಿ ವಿಷಯ ಬಂದು ನಿಂತಿದ್ದು ಪಂಚಾಯ್ತಿ ಬಾಗಿಲಿಗೇ. ಆ ಕಡೆ ನೆಟ್‌ವರ್ಕ್ ಸಿಗದೆ ಫೋಟೋ ಹೋಗದಿದ್ದರೆ ಬಿಸಿಲಲ್ಲಿ ಮಣ್ಣು ಹೊತ್ತವರ ಕೂಲಿಗೇ ಕುತ್ತು. ಅವರ ಪರವಾಗಿ ತಾಲ್ಲೂಕು ಪಂಚಾಯ್ತಿಗೆ ಹೋಗಿ ಮಾತಾಡೋದು ಆ್ಯಪ್ ಅಲ್ಲ, ಕಾಯಕ ಬಂಧು, ಸದಸ್ಯರು, ಪಿಡಿಒ.

ಅಂಗಡಿಗೆ ಬಂದ ನೋಟಿಸ್

ವ್ಯಾಪಾರಸ್ಥರಿಗೆ 2025ರ ಜುಲೈ ಮರೆಯೋ ತಿಂಗಳಲ್ಲ. 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ 29 ಲಕ್ಷದ ನೋಟಿಸ್ ರಾಜ್ಯಕ್ಕೆಲ್ಲ ಸುದ್ದಿಯಾಯ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನೋದು ಬೇರೆ ಮಾತು. ಅಂಗಡಿಗಳ ಮುಂದೆ ಕ್ಯೂಆರ್ ಕೋಡ್ ತೆಗೆದು "ನಗದು ಮಾತ್ರ" ಅಂತ ಬೋರ್ಡ್ ಬಿದ್ದವು. ಜುಲೈ 25ರ ಬಂದ್‌ಗೆ ಕರೆ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಇಲ್ಲ, ಆದ್ರೆ ನೋಂದಣಿ ಮಾಡಿಸಲೇಬೇಕು ಅಂದ ಮೇಲೆ ಬಿಸಿ ತಣ್ಣಗಾಯ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮೊದಲಾದ್ರೆ ಇನ್‌ಸ್ಪೆಕ್ಟರ್ ಅಂಗಡಿಗೆ ಬರೋರು, ಸಂಘದ ಅಧ್ಯಕ್ಷರು ಪರಿಚಯದ ಮೇಲೆ ಹೋಗಿ ಮಾತಾಡೋರು. ಡೇಟಾಗೆ ಯಾರ ಪರಿಚಯವೂ ಇಲ್ಲ. ಈಗ ಬೇಕಾಗಿರೋದು ವಿಷಯ ಗೊತ್ತಿರೋ ಮುಖಂಡರು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ. ರಾಜಿ ತೆರಿಗೆ ಯೋಜನೆಯಲ್ಲಿ ವರ್ತಕರಿಗೆ ವಹಿವಾಟಿನ ಮೇಲೆ ಶೇ. 1 ಅಷ್ಟೇ, ಖಾತೆಗೆ ಬಂದ ಕೈಸಾಲ, ಮನೆಯವರ ದುಡ್ಡು ವ್ಯಾಪಾರ ಅಲ್ಲ ಅಂತ ದಾಖಲೆ ಸಮೇತ ಹೇಳಬಹುದು. ಎಂ.ಜಿ. ರಸ್ತೆಯ ಅಂಗಡಿಯವರಿಗಿರಲಿ, ಕುಣಿಗಲ್ ಸಂತೆಯವರಿಗಿರಲಿ, ಇದನ್ನ ಕನ್ನಡದಲ್ಲಿ ಕೂರಿಸಿ ಹೇಳಿಕೊಡೋರೇ ಇವತ್ತಿನ ಲೀಡರ್. ವಾಟ್ಸ್‌ಆ್ಯಪ್ ಗ್ರೂಪ್‌ಗೆ ಫಾರ್ವರ್ಡ್ ಹಾಕೋದು ನಾಯಕತ್ವ ಆಗಲ್ಲ.

ನಾವು ಕೇಳಬೇಕಾದ್ದು

ಲೆಕ್ಕ ಬರೆಯೋ ಅಧಿಕಾರ ಕಂಪ್ಯೂಟರ್‌ಗೆ ಹೋಗಿದೆ, ಹೋಗಲಿ. ಉತ್ತರ ಹೇಳೋ ಹೊಣೆ ಮಾತ್ರ ಹೋಗಿಲ್ಲ. "ಸರ್ವರ್ ಇಲ್ಲ", "ಸಿಸ್ಟಮ್ ತಗೋತಿಲ್ಲ" ಅನ್ನೋದು ಉತ್ತರ ಅಲ್ಲ.

ಡೈರಿಯ ಸರ್ವ ಸದಸ್ಯರ ಸಭೆಯಲ್ಲಿ ಕೇಳಿ: ಅನಲೈಸರ್ ಕೊನೇ ಸಲ ಯಾವಾಗ ಚೆಕ್ ಆಯ್ತು? ಗ್ರಾಮಸಭೆಯಲ್ಲಿ ಕೇಳಿ: ಹಾಜರಾತಿ ಫೋಟೋ ನೋಡಿದ್ದು ಯಾರು, ಕೂಲಿ ತಪ್ಪಿದವರ ಪಟ್ಟಿ ಎಲ್ಲಿ? ವರ್ತಕರ ಸಂಘದಲ್ಲಿ ಕೇಳಿ: ನೋಟಿಸ್ ಬಂದವರ ಜೊತೆ ಇಲಾಖೆಗೆ ಯಾರು ಬರ್ತೀರ? ಮುಂದಿನ ಚುನಾವಣೆಯಲ್ಲಿ ಓಟು ಕೇಳೋಕೆ ಬಂದಾಗಲೂ ಇದನ್ನೇ ಕೇಳಿ.