ಅಕ್ಷರ ನುಂಗುವ ಬಾಕ್ಸ್

ಮಕ್ಕಳೇ, ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಮೊಬೈಲ್, ಕಂಪ್ಯೂಟರ್ ವಿಷಯಕ್ಕೆ ಬಂದರೆ ನಿಮ್ಮ ಮನೆಯ ಅಜ್ಜ–ಅಜ್ಜಿಯರು ಈ ಗಾದೆಯನ್ನು ಉಲ್ಟಾ ಮಾಡಿಬಿಟ್ಟಿದ್ದಾರೆ. ನೆಲ ನಿಜವಾಗಿಯೂ ಡೊಂಕಾಗಿದ್ದರೂ ಅವರು ಹೇಳುವುದು ಒಂದೇ ಮಾತು: ‘ನನಗೆ ಕುಣಿಯೋಕೆ ಬರಲ್ಲ ಬಿಡಪ್ಪ.’

ಒಂದು ವೆಬ್ ಪುಟ ತೆರೆಯುತ್ತಾರೆ. ಅಲ್ಲಿ ‘ಹೆಸರು’ ಎಂದು ಬರೆದ ಉದ್ದನೆಯ ಬಾಕ್ಸ್ ಇರುತ್ತದೆ. ಬೆರಳಿಟ್ಟರೂ, ಎಷ್ಟು ಒತ್ತಿದರೂ ಒಂದು ಅಕ್ಷರ ಬೀಳುವುದಿಲ್ಲ. ಎರಡು ಸಲ ನೋಡಿ, ಮೂರನೇ ಸಲಕ್ಕೆ ಫೋನನ್ನು ಪಕ್ಕದಲ್ಲಿ ಯಾರಿದ್ದಾರೋ ಅವರ ಕೈಗೆ ಕೊಟ್ಟುಬಿಡುತ್ತಾರೆ. ಆತ ತನಗೆ ತೋಚಿದ ಸ್ಪೆಲ್ಲಿಂಗಿನಲ್ಲಿ ಹೆಸರು ಹಾಕುತ್ತಾನೆ. ಆಮೇಲೆ ಬರುವ ಓಟಿಪಿಯೂ ಅವನ ಕಣ್ಣಿಗೇ ಬೀಳುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವನಾದ್ದರಿಂದ ಹೇಳುತ್ತೇನೆ, ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪಿಂಚಣಿ ಕಾಗದದಲ್ಲಿ ಇನ್ನೊಂದು ಹೆಸರು ಇದ್ದರೆ ಒಂದಕ್ಷರದ ವ್ಯತ್ಯಾಸಕ್ಕೆ ಅಫಿಡವಿಟ್ ಮಾಡಿಸಿಕೊಂಡು ಓಡಾಡಬೇಕಾಗುತ್ತದೆ. ಆದ್ದರಿಂದ ಅಕ್ಷರ ಬೀಳದ ಬಾಕ್ಸ್ ಸಣ್ಣ ವಿಷಯವಲ್ಲ. ಈ ವಾರ ಅದರ ಹೊಟ್ಟೆಯೊಳಗೆ ಏನಿದೆ ನೋಡೋಣ.

ನೀವು ಒಂದು ಅಕ್ಷರ ಒತ್ತಿದಾಗ ಅದು ನೇರವಾಗಿ ಬಾಕ್ಸಿಗೆ ಹೋಗಿ ಬೀಳುವುದಿಲ್ಲ. ಮೊದಲು ಕೀಬೋರ್ಡಿನಿಂದ ಬ್ರೌಸರಿಗೆ ಬರುತ್ತದೆ. ‘ಈಗ ಯಾವ ಬಾಕ್ಸಿನ ಸರದಿ?’ ಎಂದು ಬ್ರೌಸರ್ ನೋಡುತ್ತದೆ. ಯಾವುದರಲ್ಲಿ ಪುಟ್ಟ ಗೆರೆ ಮಿಣುಕುತ್ತಿದೆಯೋ ಅದರದ್ದೇ ಸರದಿ. ಆ ಗೆರೆಗೆ ಕರ್ಸರ್ ಎನ್ನುತ್ತಾರೆ. ಅಕ್ಷರ ಅಲ್ಲಿಗೆ ಹೋಗುವಾಗ ಪಕ್ಕದಲ್ಲಿ ಒಬ್ಬ ಕಾವಲುಗಾರ ನಿಂತಿರುತ್ತಾನೆ. ಅವನ ಹೆಸರು ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬುವರು ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಸಿದ್ಧಮಾಡಿದರು. ಇವತ್ತು ಬಹುಪಾಲು ವೆಬ್ ಪುಟಗಳಲ್ಲಿ ಇದೇ ಕೆಲಸ ಮಾಡುತ್ತಿದೆ. ಕಾವಲುಗಾರ ಸರಿಯಿದ್ದರೆ ‘ಫೋನ್ ನಂಬರಿಗೆ ಹತ್ತು ಅಂಕಿ ಬೇಕು’ ಎಂದು ನಿಮಗೆ ನೆನಪಿಸುತ್ತಾನೆ. ಅವನಿಗೆ ತಪ್ಪು ಅಪ್ಪಣೆ ಕೊಟ್ಟಿದ್ದರೆ ಬಂದ ಅಕ್ಷರವನ್ನೇ ನುಂಗುತ್ತಾನೆ.

‘ಬಿ.ಕಾಂ. ಓದಿದ ತಾತನಿಗೆ ಇದೆಲ್ಲ ಯಾಕೆ?’ ಎನ್ನಬೇಡಿ. ಲೆಕ್ಕ ತಾಳೆಯಾಗದಿದ್ದಾಗ ತಪ್ಪು ಯಾವ ಪುಟದಲ್ಲಿದೆ ಎಂದು ಹುಡುಕುವುದೇ ಗುಮಾಸ್ತನ ವಿದ್ಯೆ. ಇಲ್ಲಿ ಬೇಕಾದದ್ದೂ ಅದೇ.

ಎರಡನೇ ಪಿಯುಸಿ ಓದುತ್ತಿರುವ ನನ್ನ ಮೊಮ್ಮಗಳು ಬೇಸಿಗೆ ರಜೆಯಲ್ಲಿ ಒಂದು ಪುಟ ಮಾಡಿದಳು. ನಮ್ಮ ಬೀದಿಯ ಮಕ್ಕಳು ಕತೆಪುಸ್ತಕಗಳನ್ನು ಬದಲಾಯಿಸಿಕೊಂಡು ಓದಲು, ಯಾರ ಹತ್ತಿರ ಯಾವ ಪುಸ್ತಕ ಇದೆ ಎಂದು ಬರೆದಿಡುವ ಪುಟ. ಎಲ್ಲ ಚೆನ್ನಾಗಿತ್ತು, ಹೆಸರಿನ ಬಾಕ್ಸಿಗೆ ಮಾತ್ರ ಮೌಸ್ ಒತ್ತಿದರೆ ಕರ್ಸರ್ರೇ ಬರಲಿಲ್ಲ.

‘ತಾತ, ಬಾಕ್ಸ್ ಸತ್ತೇ ಹೋಗಿದೆ’ ಎಂದಳು.

‘ಸತ್ತಿದೆಯೋ, ಬಾಗಿಲು ಹಾಕಿಕೊಂಡಿದೆಯೋ ಮೊದಲು ನೋಡಮ್ಮ. ಟ್ಯಾಬ್ ಕೀಲಿ ಒತ್ತು’ ಎಂದೆ.

ಟ್ಯಾಬ್ ಒತ್ತಿದರೆ ಮೌಸ್ ಇಲ್ಲದೆಯೇ ಒಂದು ಬಾಕ್ಸಿನಿಂದ ಮುಂದಿನದಕ್ಕೆ ಹೋಗಬಹುದು. ಒತ್ತಿದಳು. ಕರ್ಸರ್ ಬಂತು, ಅಕ್ಷರವೂ ಬಿತ್ತು! ಅಂದರೆ ಬಾಕ್ಸ್ ಆರೋಗ್ಯವಾಗಿಯೇ ಇದೆ, ಅದರ ಮೇಲೆ ಏನೋ ಮುಚ್ಚಿಕೊಂಡಿದೆ. ಬಾಕ್ಸಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಎಂದು ಕೊಟ್ಟಾಗ ಕಳ್ಳ ಸಿಕ್ಕಿಬಿದ್ದ. ಪುಟ ತೆರೆಯುವಾಗ ‘ದಯವಿಟ್ಟು ಕಾಯಿರಿ’ ಎಂದು ತೋರಿಸಲು ಅವಳು ಒಂದು ಪರದೆ ಹಾಕಿದ್ದಳು. ಕೆಲಸ ಮುಗಿದ ಮೇಲೆ ಅದರ ‘ಒಪಾಸಿಟಿ’ಯನ್ನು ಸೊನ್ನೆ ಮಾಡಿದ್ದಳು. ಹಾಗೆ ಮಾಡಿದರೆ ಪರದೆ ಕಣ್ಣಿಗೆ ಕಾಣದ ಗಾಜಾಗುತ್ತದೆ, ಆದರೆ ಅಲ್ಲಿಂದ ಹೋಗುವುದಿಲ್ಲ. ನಾವು ಒತ್ತುವುದೆಲ್ಲ ಗಾಜಿಗೆ ತಗಲುತ್ತದೆ. ‘ಡಿಸ್‌ಪ್ಲೇ ನನ್’ ಎಂದು ಬರೆದು ಪರದೆಯನ್ನೇ ತೆಗೆದದ್ದೇ ತಡ, ಬಾಕ್ಸ್ ಬಾಗಿಲು ತೆರೆಯಿತು.

ಮರುದಿನ ಎರಡನೇ ದೂರು ಬಂತು. ಪಕ್ಕದ ಮನೆಯ ಪುಟ್ಟ ಹುಡುಗ ಕೃಷ್ಣ ಎಂದು ಕನ್ನಡದಲ್ಲಿ ಬರೆಯಲು ಹೋದರೆ ಅಕ್ಷರ ಮೂಡಿದ ಹಾಗೇ ಮಾಯ! ಈ ಸಲ ಕರ್ಸರ್ ಮಿಣುಕುತ್ತಿತ್ತು. ಕರ್ಸರ್ ಇದ್ದೂ ಅಕ್ಷರ ನಿಲ್ಲದಿದ್ದರೆ ಕಾವಲುಗಾರನನ್ನು ವಿಚಾರಿಸಬೇಕು. ‘ಹೆಸರಿನಲ್ಲಿ ಎ ಇಂದ ಝಡ್ ತನಕದ ಅಕ್ಷರ ಬಿಟ್ಟು ಬೇರೇನು ಬಂದರೂ ಅಳಿಸು’ ಎಂಬ ಅಪ್ಪಣೆ ಅವನಿಗಿತ್ತು. ಎಲ್ಲಿಂದಲೋ ನೋಡಿ ಇಳಿಸಿಕೊಂಡ ಸಾಲು ಅದು. ಪಾಪ, ಅವನು ಹೇಳಿದ್ದನ್ನೇ ಮಾಡಿದ್ದಾನೆ.

ಮೊಮ್ಮಗಳು ತಕ್ಷಣ ಆ ಅಪ್ಪಣೆಗೆ ‘ಅ’ಯಿಂದ ‘ಹ’ ತನಕ ಎಂದು ಸೇರಿಸಿದಳು. ಈಗ ಹುಡುಗ ಕೃಷ್ಣ ಎಂದು ಬರೆದರೆ ಬಾಕ್ಸಿನಲ್ಲಿ ಉಳಿದದ್ದು ‘ಕಷಣ’! ಬೀದಿಯ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಇದು ಯಾಕೆ ಹೀಗಾಯಿತು ಗೊತ್ತೇ? ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ಕನ್ನಡಕ್ಕೆಂದು 128 ಮನೆಗಳ ಒಂದು ಸಾಲು ಇದೆ. ಅ, ಆ, ಕ, ಖ ಎಲ್ಲಕ್ಕೂ ಒಂದೊಂದು ಮನೆ. ಕೊಂಬು, ದೀರ್ಘ, ವಟ್ರಸುಳಿಗಳಿಗೆ ಬೇರೆ ಮನೆಗಳು. ಒತ್ತಕ್ಷರ ಮಾಡಲು ಬೇಕಾದ ಅರ್ಧಾಕ್ಷರದ ಚಿಹ್ನೆಗೂ ಒಂದು ಮನೆ. ಇವೆಲ್ಲ ಇರುವುದು ‘ಹ’ ದಾಟಿದ ಮೇಲೆ. ಕೃಷ್ಣ ಎಂಬುದು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಕ, ವಟ್ರಸುಳಿ, ಷ, ಅರ್ಧಾಕ್ಷರದ ಚಿಹ್ನೆ, ಣ ಹೀಗೆ ಐದು. ‘ಹ’ ತನಕ ಮಾತ್ರ ಬಿಡು ಎಂದರೆ ಚಿಹ್ನೆಗಳೆರಡೂ ಬಾಗಿಲಲ್ಲೇ ಉಳಿದವು. ಕೊನೆಗೆ ಅವಳು ಆ ಅಪ್ಪಣೆಯನ್ನೇ ಅಳಿಸಿಹಾಕಿದಳು. ಯಾರ ಹೆಸರು ಹೇಗಿರಬೇಕು ಎಂದು ಹೇಳಲು ಬಾಕ್ಸ್ ಯಾರು?

ಮೂರನೆಯದು ಪುಸ್ತಕದ ಹೆಸರು ಬರೆಯುವ ಬಾಕ್ಸ್. ಅಲ್ಲಿ ಕರ್ಸರ್ ಇದೆ, ಯಾವ ಭಾಷೆಯಲ್ಲಿ ಬರೆದರೂ ಏನೂ ಮೂಡುವುದಿಲ್ಲ. ಆ ಭಾಗವನ್ನು ಅವಳು ರಿಯಾಕ್ಟ್ ಎಂಬ ಸಲಕರಣೆಯಿಂದ ಕಟ್ಟಿದ್ದಳು. ಫೇಸ್‌ಬುಕ್ ಕಂಪನಿ ಅದನ್ನು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರ ಪದ್ಧತಿ ನಮ್ಮ ಹಳೆಯ ಬ್ಯಾಂಕಿನ ಹಾಗೆಯೇ. ನೀವು ಕೌಂಟರಿನಲ್ಲಿ ಚಲನ್ ಕೊಟ್ಟ ಮಾತ್ರಕ್ಕೆ ಪಾಸ್‌ಬುಕ್ಕಿನಲ್ಲಿ ಹಣ ಏರುವುದಿಲ್ಲ. ಗುಮಾಸ್ತ ಅದನ್ನು ಲೆಡ್ಜರಿನಲ್ಲಿ ಬರೆಯಬೇಕು, ಲೆಡ್ಜರಿನಲ್ಲಿ ಇದ್ದದ್ದೇ ಪಾಸ್‌ಬುಕ್ಕಿಗೆ ಬರಬೇಕು. ರಿಯಾಕ್ಟಿನಲ್ಲಿ ಬಾಕ್ಸೇ ಪಾಸ್‌ಬುಕ್. ‘ಲೆಡ್ಜರಿನಲ್ಲಿ ಇರುವುದನ್ನೇ ತೋರಿಸು’ ಎಂದು ಅವಳು ಹೇಳಿದ್ದಳು, ‘ಹೊಸ ಅಕ್ಷರ ಬಂದಾಗ ಲೆಡ್ಜರಿನಲ್ಲಿ ಬರೆದುಕೋ’ ಎಂದು ಹೇಳಿರಲಿಲ್ಲ. ಲೆಡ್ಜರ್ ಖಾಲಿ, ಹಾಗಾಗಿ ಬಾಕ್ಸೂ ಖಾಲಿ. ಬರೆದುಕೊಳ್ಳುವ ಆ ಸಾಲಿಗೆ ‘ಆನ್‌ಚೇಂಜ್’ ಎನ್ನುತ್ತಾರೆ. ಅದನ್ನು ಸೇರಿಸಿದ ಮೇಲೆ ಅಕ್ಷರಗಳು ಸರಸರನೆ ಬಂದವು. ಲ್ಯಾಪ್‌ಟಾಪಿನಲ್ಲಿ ಎಫ್–12 ಒತ್ತಿ ‘ಕನ್ಸೋಲ್’ ನೋಡಿದ್ದರೆ ಈ ತಪ್ಪನ್ನು ರಿಯಾಕ್ಟ್ ತಾನೇ ಬರೆದು ಎಚ್ಚರಿಸಿರುತ್ತದೆ. ಪುಟ ಮಾಡುವ ಮಕ್ಕಳು ಮೊದಲು ಓದಬೇಕಾದ ಜಾಗ ಅದು.

ಇನ್ನೊಂದು ಬಗೆಯೂ ಇದೆ. ಒತ್ತಿದಾಗ ಏನೂ ಬರದೆ, ಸ್ವಲ್ಪ ಹೊತ್ತಿನ ಮೇಲೆ ಎಲ್ಲ ಅಕ್ಷರಗಳೂ ಒಟ್ಟಿಗೆ ಧುಮುಕುತ್ತವೆ. ಪುಟದಲ್ಲಿ ಜಾವಾಸ್ಕ್ರಿಪ್ಟಿಗೆ ಸಾಮಾನ್ಯವಾಗಿ ಒಂದೇ ಕೌಂಟರು. ಅದು ದೊಡ್ಡ ಲೆಕ್ಕದಲ್ಲಿ ಮುಳುಗಿದ್ದರೆ ನಿಮ್ಮ ಅಕ್ಷರಗಳು ಸಾಲಿನಲ್ಲಿ ಕಾಯುತ್ತವೆ. ಆಗ ಒತ್ತಿದ್ದನ್ನೇ ಒತ್ತಬೇಡಿ, ಒಂದು ಗುಟುಕು ನೀರು ಕುಡಿದು ನೋಡಿ.

ಈಗ ಹಿರಿಯರಿಗೆ ಎರಡು ಮಾತು. ಬೇರೆಯವರು ಮಾಡಿದ ಪುಟವನ್ನು ನಾವು ರಿಪೇರಿ ಮಾಡಲಾರೆವು, ಪರೀಕ್ಷೆ ಮಾಡಬಹುದು. ಪಕ್ಕದ ಬಾಕ್ಸಿನಲ್ಲಿ ಅಕ್ಷರ ಬೀಳುತ್ತದೆಯೇ? ಬಿದ್ದರೆ ನಿಮ್ಮ ಕೀಬೋರ್ಡೂ ಬೆರಳೂ ಸರಿಯಾಗಿವೆ. ಬಾಕ್ಸ್ ಬೂದು ಬಣ್ಣಕ್ಕೆ ತಿರುಗಿದೆಯೇ? ಹಾಗಿದ್ದರೆ ಅದಕ್ಕೆ ಬೀಗ ಹಾಕಿರಬಹುದು, ಮೇಲಿನ ಯಾವುದೋ ಪ್ರಶ್ನೆಗೆ ಉತ್ತರ ಬಾಕಿ ಇದೆಯೇ ನೋಡಿ. ಬ್ರೌಸರ್ ತಾನಾಗಿ ಪುಟವನ್ನು ಅನುವಾದ ಮಾಡಿದ್ದರೆ ಅದನ್ನು ನಿಲ್ಲಿಸಿ, ಪುಟವನ್ನು ಮತ್ತೆ ತೆರೆಯಿರಿ. ಇನ್ನೊಂದು ಬ್ರೌಸರಿನಲ್ಲೂ ನೋಡಿ. ಅಷ್ಟಾದರೂ ಆಗದಿದ್ದರೆ ತಪ್ಪು ಪುಟದ್ದು. ಯಾವ ಪುಟ, ಯಾವ ಫೋನು, ಏನು ಒತ್ತಿದಿರಿ, ಏನಾಯಿತು ಎಂದು ನಾಲ್ಕು ಸಾಲು ಬರೆದು ಅವರ ಸಹಾಯವಾಣಿಗೆ ಕಳಿಸಿ. ‘ಕೆಲಸ ಮಾಡ್ತಿಲ್ಲ’ ಎಂಬ ಒಂದೇ ಸಾಲಿನಿಂದ ಯಾರಿಗೂ ಏನೂ ತಿಳಿಯದು. ಬೇರೆಯವರ ಸಹಾಯ ಬೇಕೇ ಬೇಕಾದರೆ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಫೋನು ನಿಮ್ಮ ಕೈಯಲ್ಲೇ ಇರಲಿ, ಓಟಿಪಿ ಯಾರ ಬಾಯಿಗೂ ಬೇಡ.

ಮಕ್ಕಳೇ, ಈ ವಾರದ ಮನೆಗೆಲಸ ಇದು. ನೋಟ್‌ಪ್ಯಾಡಿನಲ್ಲಿ ಮೂರು ‘ಇನ್‌ಪುಟ್’ ಬಾಕ್ಸ್ ಇರುವ ಪುಟ್ಟ ಪುಟ ಮಾಡಿ. ಒಂದನ್ನು ಹಾಗೇ ಬಿಡಿ. ಒಂದಕ್ಕೆ ‘ಡಿಸೇಬಲ್ಡ್’, ಇನ್ನೊಂದಕ್ಕೆ ‘ರೀಡ್‌ಓನ್ಲಿ’ ಎಂದು ಸೇರಿಸಿ. ಟ್ಯಾಬ್ ಒತ್ತಿದರೆ ಮೊದಲನೆಯ ಬೀಗದ ಬಾಕ್ಸನ್ನು ಅದು ದಾಟಿಕೊಂಡೇ ಹೋಗುತ್ತದೆ, ಎರಡನೆಯದರಲ್ಲಿ ನಿಲ್ಲುತ್ತದೆ, ಆದರೆ ಅಕ್ಷರ ಬೀಳುವುದಿಲ್ಲ. ಅಜ್ಜಿಯನ್ನೋ ತಾತನನ್ನೋ ಕೂರಿಸಿ, ಯಾವುದಕ್ಕೆ ಯಾವ ಬೀಗ ಎಂದು ಕಂಡುಹಿಡಿಯಲು ಹೇಳಿ. ಅವರು ಗೆದ್ದರೆ ಕೋಡುಬಳೆ ಅವರಿಗೆ.